ಆಸ್ಟ್ರೇಲಿಯದ ಬಿಲವಾಸಿ ಜೇಡಗಳನ್ನು ಗುರುತಿಸುವ ಬಗೆ

ಆಸ್ಟ್ರೇಲಿಯದಲ್ಲಿ ನೆಲ ಕೊರೆದು ಬಿಲ ಮಾಡಿಕೊಂಡು ಬಾಳುವ ದಪ್ಪ ಮೈಯ ಜೇಡಗಳಲ್ಲಿ ಬಹುಪಾಲು ಮೈಗಲೊಮಾರ್ಫ್ ಎಂಬ ಬಹಳ ಹಳೆಯ ಗುಂಪಿಗೆ ಸೇರಿದವು. ಫನೆಲ್-ವೆಬ್ ಜೇಡ, ಟ್ರಾಪ್‌ಡೋರ್ ಜೇಡ, ಇಲಿ ಜೇಡ, ವಿಶ್‌ಬೋನ್ ಜೇಡ, ಸಿಳ್ಳೆ ಜೇಡ ಎಂಬ ಅರ್ಥದ ಹೆಸರುಗಳಿಂದ ಅಲ್ಲಿನ ಜನ ಕರೆಯುವ ಇವೆಲ್ಲವೂ ಮೊದಲ ನೋಟಕ್ಕೆ ಒಂದೇ ಬಗೆಯವಾಗಿ ಕಾಣುತ್ತವೆ: ಕಂದು ಅಥವಾ ಕಪ್ಪು ಮೈ, ಗಟ್ಟಿಮುಟ್ಟಾದ ಕಾಲುಗಳು, ಮುಖದ ಮುಂದೆ ಚಾಚಿಕೊಂಡ ಬಲವಾದ ಕೋರೆಗಳು. ಆದರೆ ಇವುಗಳಲ್ಲಿ ಒಂದು ಕುಟುಂಬದ ಕೆಲವು ಪ್ರಭೇದಗಳ ಕಡಿತ ಮನುಷ್ಯನ ಜೀವ ತೆಗೆಯಬಲ್ಲದು, ಇನ್ನೊಂದರ ಕಡಿತ ಸಾಮಾನ್ಯವಾಗಿ ಕಡಿದ ಜಾಗದ ನೋವು ಮತ್ತು ಊತದಲ್ಲಿ ಮುಗಿಯುತ್ತದೆ, ಮತ್ತೆ ಕೆಲವು ಪ್ರಭೇದಗಳು ಕಾನೂನಿನ ರಕ್ಷಣೆ ಬೇಕಾಗುವಷ್ಟು ವಿರಳವಾಗಿವೆ. ಹೀಗಾಗಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವುದನ್ನು ಕಲಿಯುವುದು ಮನೆಯವರ ಸುರಕ್ಷತೆಗೂ ಅಗತ್ಯ, ಜೇಡದ ಸುರಕ್ಷತೆಗೂ ಅಗತ್ಯ.

ಸಿಡ್ನಿ, ಬ್ರಿಸ್ಬೇನ್, ಪರ್ತ್ ಮುಂತಾದ ನಗರಗಳಿಗೆ ಹೋಗಿ ನೆಲೆಸಿದ ಕನ್ನಡಿಗರು ಕೈತೋಟದ ಕೆಲಸಕ್ಕೆ ಇಳಿದಾಗ ಮೊದಲು ಕೇಳಿಸಿಕೊಳ್ಳುವ ಎಚ್ಚರಿಕೆಗಳಲ್ಲಿ ಈ ಜೇಡಗಳದ್ದೂ ಒಂದು. ಆ ಎಚ್ಚರಿಕೆ ಹೆಚ್ಚಾಗಿ ‘ಕಪ್ಪು ಜೇಡ ಕಂಡರೆ ಹುಷಾರು’ ಎನ್ನುವಲ್ಲಿಗೇ ನಿಂತುಬಿಡುತ್ತದೆ. ಬಣ್ಣವನ್ನು ನಂಬಿ ಈ ಗುಂಪಿನ ಜೇಡವನ್ನು ಗುರುತಿಸಲು ಹೊರಟವರು ತಪ್ಪುವುದೇ ಹೆಚ್ಚು, ಏಕೆಂದರೆ ಒಂದೇ ಪ್ರಭೇದದ ಜೇಡ ಪೊರೆ ಕಳಚಿದ ಹೊಸತರಲ್ಲಿ ಒಂದು ಛಾಯೆಯಲ್ಲಿದ್ದು ಮುಂದೆ ಇನ್ನೊಂದಾಗುತ್ತದೆ, ಹೆಣ್ಣಿನ ಬಣ್ಣ ಗಂಡಿನದಕ್ಕಿಂತ ಭಿನ್ನವಾಗಿರಬಹುದು, ಮೈಗೆ ಅಂಟಿದ ಮಣ್ಣೂ ಕಣ್ಣನ್ನು ತಪ್ಪಿಸುತ್ತದೆ. ನಾನು ಇಲ್ಲಿ ಸೂಚಿಸುವ ಕ್ರಮದಲ್ಲಿ ಬಣ್ಣಕ್ಕೆ ಕೊನೆಯ ಸ್ಥಾನ. ಬೆನ್ನುಚಿಪ್ಪಿನ ಹೊಳಪು, ತಲೆಯ ಆಕಾರ, ಕಣ್ಣುಗಳ ಹರವು, ಹಿಂಬದಿಯ ನೂಲುವ ಅಂಗಗಳು, ಗಂಡಿನ ಕಾಲಿನ ಮುಳ್ಳು, ಬಿಲದ ಬಾಯಿ, ಊರು ಮತ್ತು ತಿಂಗಳು, ಇವಿಷ್ಟನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಕುಟುಂಬದ ಮಟ್ಟದವರೆಗಿನ ಗುರುತು ಬಹುತೇಕ ಸಿಗುತ್ತದೆ. ಪ್ರಭೇದದ ಮಟ್ಟಕ್ಕೆ ಹೋಗಲು ಸೂಕ್ಷ್ಮದರ್ಶಕವೂ ಕೆಲವೊಮ್ಮೆ ಡಿಎನ್ಎ ಪರೀಕ್ಷೆಯೂ ಬೇಕು; ಅದು ವಸ್ತುಸಂಗ್ರಹಾಲಯದ ತಜ್ಞರ ಕೆಲಸ.

ಎಲ್ಲಕ್ಕಿಂತ ಮೊದಲು ಪಾಲಿಸಬೇಕಾದ ನಿಯಮ ಒಂದಿದೆ. ಬರಿಗೈಯಿಂದ ಮುಟ್ಟಬಾರದು, ಸತ್ತಂತೆ ಕಾಣುವ ಜೇಡವನ್ನೂ ಮುಟ್ಟಬಾರದು. ಈಜುಕೊಳದ ತಳದಲ್ಲಿ ಅಲುಗಾಡದೆ ಬಿದ್ದಿರುವ ಫನೆಲ್-ವೆಬ್ ಜೇಡವು ಮೈಕೂದಲಿನ ನಡುವೆ ಹಿಡಿದಿಟ್ಟುಕೊಂಡ ಗಾಳಿಯ ಗುಳ್ಳೆಗಳ ನೆರವಿನಿಂದ ಒಂದು ದಿನದಷ್ಟು ಕಾಲ ಬದುಕಿರಬಲ್ಲದು. ಗುರುತಿಸುವ ಕೆಲಸವೆಲ್ಲ ದೂರದಿಂದ, ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಫೋಟೋದ ಮೂಲಕ ನಡೆಯಬೇಕು.

ಮೊದಲ ಪ್ರಶ್ನೆ: ಇದು ಈ ಗುಂಪಿನದೇ?

ಸಾಮಾನ್ಯ ಜೇಡಗಳ ಕೋರೆಗಳು ಇಕ್ಕಳದಂತೆ ಅಕ್ಕಪಕ್ಕದಿಂದ ಬಂದು ಒಂದನ್ನೊಂದು ಸಂಧಿಸುತ್ತವೆ. ಮೈಗಲೊಮಾರ್ಫ್ ಜೇಡದಲ್ಲಾದರೋ ಎರಡು ಕೋರೆಗಳೂ ಸಮಾನಾಂತರವಾಗಿ ಹಿಂದಕ್ಕೆ ಮಡಿಚಿಕೊಂಡಿದ್ದು, ಹೊಡೆಯುವಾಗ ಪಿಕಾಸಿಯಂತೆ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಹೀಗೆ ಹೊಡೆಯಬೇಕಾದರೆ ಜೇಡವು ಮೈಯ ಮುಂಭಾಗವನ್ನು ಮೇಲೆತ್ತಲೇಬೇಕಾಗುತ್ತದೆ. ಕೆಣಕಿದ ಫನೆಲ್-ವೆಬ್ ಜೇಡ ಮುಂಗಾಲುಗಳನ್ನು ಎತ್ತಿ ಹಿಂದಕ್ಕೆ ವಾಲಿ ನಿಲ್ಲುವ ಪ್ರಸಿದ್ಧ ಭಂಗಿಗೆ ಕಾರಣ ಇದೇ. ಎರಡನೆಯ ಲಕ್ಷಣ ಹೊಟ್ಟೆಯ ಅಡಿಭಾಗದಲ್ಲಿದೆ: ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ಉಸಿರಾಟದ ಅಂಗಗಳು ಈ ಗುಂಪಿನಲ್ಲಿ ಎರಡು ಜೊತೆ ಇರುತ್ತವೆ, ಮತ್ತು ಗಾಜಿನ ಜಾಡಿಯ ತಳದಿಂದ ನೋಡಿದಾಗ ಅವು ನಾಲ್ಕು ತಿಳಿಬಣ್ಣದ ಮಚ್ಚೆಗಳಾಗಿ ಕಾಣುತ್ತವೆ. ಬೇರೆ ಜೇಡಗಳಲ್ಲಿ ಬಹುಪಾಲಿಗೆ ಅವು ಒಂದೇ ಜೊತೆ.

ಈ ಹಂತದಲ್ಲಿ ಹೆಚ್ಚು ಗೊಂದಲ ಹುಟ್ಟಿಸುವವು ಎರಡು. ಕಿಟಕಿಯ ಮೂಲೆಯಲ್ಲಿ, ಗೋಡೆಯ ಬಿರುಕಿನಲ್ಲಿ ಆಲಿಕೆಯಾಕಾರದ ಜಾಲರಿ ಬಲೆ ನೇಯುವ ಕಪ್ಪು ಮನೆಜೇಡವನ್ನು ಬಲೆಯ ಆಕಾರ ನೋಡಿ ಫನೆಲ್-ವೆಬ್ ಎಂದು ಭಾವಿಸಿ ಗಾಬರಿಗೊಳ್ಳುವವರು ಬಹಳ. ಆ ಜೇಡ ಈ ಗುಂಪಿಗೇ ಸೇರಿದ್ದಲ್ಲ. ನಿಜವಾದ ಫನೆಲ್-ವೆಬ್ ಜೇಡ ಕಿಟಕಿಯ ಚೌಕಟ್ಟಿನಲ್ಲಿ ಮನೆ ಮಾಡುವುದಿಲ್ಲ. ಇನ್ನೊಂದು ತೋಳ ಜೇಡ. ಅದೂ ನೆಲದಲ್ಲಿ ಬಿಲ ತೋಡುತ್ತದೆ, ಕೆಲವು ಪ್ರಭೇದಗಳು ಬಿಲಕ್ಕೆ ಮುಚ್ಚಳವನ್ನೂ ಮಾಡುತ್ತವೆ. ರಾತ್ರಿ ಹಣೆಯ ಮಟ್ಟದಲ್ಲಿ ಟಾರ್ಚ್ ಹಿಡಿದು ಹುಲ್ಲಿನ ಮೇಲೆ ಬೆಳಕು ಹಾಯಿಸಿದರೆ ತೋಳ ಜೇಡದ ಕಣ್ಣುಗಳು ದೂರದಿಂದಲೇ ಕಿಡಿಯಂತೆ ಮಿನುಗುತ್ತವೆ; ಬಿಲವಾಸಿ ಮೈಗಲೊಮಾರ್ಫ್‌ನ ಸಣ್ಣ ಕಣ್ಣುಗಳು ಹಾಗೆ ಹೊಳೆಯುವುದಿಲ್ಲ. ಬೇಸಿಗೆಯಲ್ಲಿ ಸಿಕಾಡ ಕೀಟದ ಮರಿಗಳು ಮಣ್ಣಿನಿಂದ ಹೊರಬಂದ ಗುಂಡನೆಯ ತೂತುಗಳೂ ಹುಲ್ಲುಹಾಸಿನಲ್ಲಿ ಹೇರಳವಾಗಿರುತ್ತವೆ. ತೂತಿನ ಒಳಗೋಡೆಗೆ ರೇಷ್ಮೆಯ ಲೇಪ ಇಲ್ಲದಿದ್ದರೆ ಅದನ್ನು ಈ ಜೇಡಗಳ ಮನೆಯೆಂದು ಎಣಿಸಬೇಕಾಗಿಲ್ಲ.

ಗಂಡೋ ಹೆಣ್ಣೋ

ಮುಂದಿನ ಲಕ್ಷಣಗಳನ್ನು ನೋಡುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹೆಣ್ಣಿನಲ್ಲಿ ನೋಡಬೇಕಾದದ್ದು ಬೇರೆ, ಗಂಡಿನಲ್ಲಿ ನೋಡಬೇಕಾದದ್ದು ಬೇರೆ. ಹೆಣ್ಣು ಜೇಡ ಮರಿಯಾಗಿದ್ದಾಗ ತೋಡಿದ ಬಿಲವನ್ನೇ ಬೆಳೆದಂತೆಲ್ಲ ಅಗಲ ಮಾಡಿಕೊಳ್ಳುತ್ತಾ ಅಲ್ಲೇ ಬಾಳುತ್ತದೆ. ಅಗೆತದಲ್ಲೋ ಪ್ರವಾಹದಲ್ಲೋ ಬಿಲ ಹಾಳಾಗದ ಹೊರತು ಅದು ಬಯಲಿನಲ್ಲಿ ಕಾಣುವುದು ಅಪರೂಪ. ಗಂಡು ಪ್ರೌಢವಾದೊಡನೆ ಬಿಲ ಬಿಟ್ಟು ಹೆಣ್ಣನ್ನು ಹುಡುಕುತ್ತ ಅಲೆಯುತ್ತದೆ, ಆದ್ದರಿಂದ ಮನೆಯೊಳಗೆ, ಗ್ಯಾರೇಜಿನಲ್ಲಿ, ಈಜುಕೊಳದಲ್ಲಿ ಸಿಗುವವು ಬಹುತೇಕ ಗಂಡುಗಳೇ. ಕಾಲುಗಳು ಮೈಗಿಂತ ಉದ್ದವಾಗಿ ತೆಳ್ಳಗಿದ್ದು, ಹೊಟ್ಟೆ ಚಿಕ್ಕದಾಗಿದ್ದು, ತಲೆಯ ಎರಡೂ ಬದಿಗೆ ಇರುವ ಪಾಲ್ಪ್ ಎಂಬ ಗಿಡ್ಡ ಮುಂಗೈಗಳ ತುದಿಯಲ್ಲಿ ಬುರುಡೆಯಂತಹ ಉಬ್ಬು ಮತ್ತು ಅದರಿಂದ ಹೊರಟ ಮೊನೆ ಕಂಡರೆ ಅದು ಪ್ರೌಢ ಗಂಡು. ಸಿಡ್ನಿ ಫನೆಲ್-ವೆಬ್ ಜೇಡದಲ್ಲಿ ಗಂಡಿನ ವಿಷವೇ ಹೆಣ್ಣಿನದಕ್ಕಿಂತ ಮನುಷ್ಯನಿಗೆ ಹೆಚ್ಚು ಅಪಾಯಕಾರಿ ಎಂಬ ಕಾರಣಕ್ಕೂ ಈ ವಿಂಗಡಣೆ ಮುಖ್ಯ.

ಬೆನ್ನುಚಿಪ್ಪು, ತಲೆ, ಕಣ್ಣು

ಜೇಡದ ತಲೆ ಮತ್ತು ಎದೆ ಕೂಡಿದ ಮುಂಭಾಗವನ್ನು ಮೇಲಿನಿಂದ ಹೊದ್ದಿರುವ ಗಟ್ಟಿ ಚಿಪ್ಪನ್ನು ನೋಡಬೇಕು. ಫನೆಲ್-ವೆಬ್ ಕುಟುಂಬದಲ್ಲಿ ಅದು ಕೂದಲಿಲ್ಲದೆ ನುಣುಪಾಗಿ, ಪಾಲಿಶ್ ಮಾಡಿದ ಬೂಟಿನಂತೆ ಹೊಳೆಯುತ್ತದೆ. ಹೊಟ್ಟೆಯ ಮೇಲೆ ಮಾತ್ರ ಮಖಮಲ್ಲಿನಂತಹ ಕಪ್ಪು ಅಥವಾ ಕಂದು ಕೂದಲಿರುತ್ತದೆ. ಸಿಡ್ನಿಯ ತೋಟಗಳಲ್ಲಿ ಇದರೊಂದಿಗೆ ಸದಾ ಅದಲುಬದಲಾಗುವ ಕಂದು ಟ್ರಾಪ್‌ಡೋರ್ ಜೇಡದ, ಅಂದರೆ ಅರ್ಬಾನೈಟಿಸ್ ಕುಲದ ಜೇಡದ ಚಿಪ್ಪಿನ ಮೇಲೆ ಹೊಂಬಣ್ಣದ ನವಿರಾದ ರೋಮದ ಪದರವೊಂದಿರುತ್ತದೆ, ಹಾಗಾಗಿ ಬೆಳಕು ಬಿದ್ದಾಗ ಅದು ಹೊಳೆಯದೆ ಮಬ್ಬಾಗಿ, ಧೂಳು ಕೂತಂತೆ ಕಾಣುತ್ತದೆ. ಈ ಒಂದು ವ್ಯತ್ಯಾಸವನ್ನು ಗಮನಿಸುವ ಅಭ್ಯಾಸ ಬೆಳೆಸಿಕೊಂಡರೆ ಅರ್ಧ ಕೆಲಸ ಮುಗಿದಂತೆ ಎಂದು ನನಗನ್ನಿಸುತ್ತದೆ. ಆದರೂ ವಯಸ್ಸಾದ ಜೇಡದಲ್ಲಿ ರೋಮ ಉದುರಿಹೋಗಿರಬಹುದು, ನೀರಿನಲ್ಲಿ ತೊಯ್ದ ಯಾವ ಜೇಡವಾದರೂ ಹೊಳೆಯುತ್ತದೆ, ಆದ್ದರಿಂದ ಹೊಳಪೊಂದನ್ನೇ ನೆಚ್ಚಿ ‘ಇದು ಅಪಾಯವಿಲ್ಲದ್ದು’ ಎಂದು ನಿರ್ಧರಿಸಬಾರದು. ಸಂಶಯವಿದ್ದಾಗ ತಪ್ಪು ಆಗುವುದಾದರೆ ಅದು ಎಚ್ಚರಿಕೆಯ ಕಡೆಗೇ ಆಗಲಿ.

ಇಲಿ ಜೇಡವೂ, ಅಂದರೆ ಮಿಸ್ಸುಲೀನ ಕುಲದ ಜೇಡವೂ, ಹೊಳೆಯುವ ಚಿಪ್ಪಿನದೇ. ಇಲ್ಲಿ ನೆರವಿಗೆ ಬರುವುದು ತಲೆಯ ಆಕಾರ. ಇದರ ತಲೆಯ ಭಾಗ ಅಗಲವಾಗಿ, ಹಿಂಭಾಗಕ್ಕಿಂತ ಥಟ್ಟನೆ ಎತ್ತರಕ್ಕೆ ಏರಿ, ಹಣೆ ಮುಂದಕ್ಕೆ ಗುಡ್ಡದಂತೆ ನಿಂತಿರುತ್ತದೆ. ಅದರ ಮುಂದಿನ ಕೋರೆಬುಡಗಳು, ಅಂದರೆ ಕೋರೆಗಳನ್ನು ಹೊತ್ತ ದಪ್ಪ ಭಾಗಗಳು, ಇನ್ನೂ ಉಬ್ಬಿಕೊಂಡು ಜೇಡಕ್ಕೆ ಗುಮ್ಮನಂತಹ ಮುಖವನ್ನು ಕೊಡುತ್ತವೆ. ಕಣ್ಣುಗಳನ್ನು ನೋಡಿದರೆ ಉಳಿದ ಸಂಶಯವೂ ತೀರುತ್ತದೆ: ಫನೆಲ್-ವೆಬ್ ಮತ್ತು ಕಂದು ಟ್ರಾಪ್‌ಡೋರ್ ಜೇಡಗಳಲ್ಲಿ ಎಂಟು ಕಣ್ಣುಗಳೂ ತಲೆಯ ನಡುವೆ ಒಂದು ಚಿಕ್ಕ ಗುಂಪಾಗಿ ಕೂಡಿಕೊಂಡಿದ್ದರೆ, ಇಲಿ ಜೇಡದಲ್ಲಿ ಅವು ತಲೆಯ ಮುಂಭಾಗದ ಉದ್ದಗಲಕ್ಕೂ ಹರಡಿಕೊಂಡಿರುತ್ತವೆ. ಈ ಲಕ್ಷಣ ಇಲಿ ಜೇಡವನ್ನು ಉಳಿದೆರಡರಿಂದ ಬೇರ್ಪಡಿಸುತ್ತದೆಯೇ ಹೊರತು ಆ ಎರಡನ್ನು ಪರಸ್ಪರ ಬೇರ್ಪಡಿಸುವುದಿಲ್ಲ ಎಂಬುದನ್ನು ನೆನಪಿಡಬೇಕು.

ಬಣ್ಣವು ನಿಜವಾಗಿ ಉಪಯೋಗಕ್ಕೆ ಬರುವ ಒಂದು ಸಂದರ್ಭವೂ ಇಲ್ಲೇ ಇದೆ. ಕೆಂಪು ತಲೆಯ ಇಲಿ ಜೇಡ, ಮಿಸ್ಸುಲೀನ ಆಕ್ಕಟೋರಿಯ, ಇದರ ಗಂಡಿನ ತಲೆ ಮತ್ತು ಕೋರೆಬುಡಗಳು ಕಡುಗೆಂಪಾಗಿದ್ದು ಹೊಟ್ಟೆ ನೀಲಿಗಪ್ಪಾಗಿರುತ್ತದೆ. ಬೇರೆ ಜೇಡದೊಂದಿಗೆ ಅದನ್ನು ಬದಲಾಯಿಸಿಕೊಳ್ಳುವುದು ಕಷ್ಟ. ಪೂರ್ವ ಕರಾವಳಿಯ ಮಿಸ್ಸುಲೀನ ಬ್ರಾಡ್ಲೇಯಿ ಗಂಡಿನ ಕಪ್ಪು ಹೊಟ್ಟೆಯ ಮುಂಭಾಗದಲ್ಲಿ ನೀಲಿ ಮಿಶ್ರಿತ ಬಿಳಿ ಮಚ್ಚೆಯೊಂದಿರುತ್ತದೆ. ಈ ಗಂಡುಗಳು ಹಗಲಿನಲ್ಲೇ ತಿರುಗಾಡುವುದು ಇನ್ನೊಂದು ಸುಳಿವು. ಆದರೆ ಎರಡರ ಹೆಣ್ಣುಗಳೂ ಬರಿಯ ಕಡುಗಂದು ಅಥವಾ ಕಪ್ಪು. ಅಲ್ಲಿ ಮತ್ತೆ ತಲೆ ಮತ್ತು ಕಣ್ಣುಗಳೇ ಆಧಾರ.

ಹಿಂಬದಿ

ಹೊಟ್ಟೆಯ ತುದಿಯಲ್ಲಿ ಬೆರಳುಗಳಂತೆ ಚಾಚಿಕೊಂಡಿರುವವು ಸ್ಪಿನ್ನರೆಟ್ ಎಂಬ ನೂಲುವ ಅಂಗಗಳು. ಫನೆಲ್-ವೆಬ್ ಜೇಡದಲ್ಲಿ ಇವುಗಳ ಉದ್ದನೆಯ ಜೊತೆ ಮೇಲಿನಿಂದ ನೋಡಿದಾಗಲೂ ಸ್ಪಷ್ಟವಾಗಿ ಹೊರಗೆ ಕಾಣುತ್ತದೆ, ಮತ್ತು ಅದರ ಕೊನೆಯ ಗೆಣ್ಣು ಅಗಲಕ್ಕಿಂತ ಉದ್ದವಾಗಿರುತ್ತದೆ. ಕಂದು ಟ್ರಾಪ್‌ಡೋರ್ ಮತ್ತು ಇಲಿ ಜೇಡಗಳಲ್ಲಿ ಅವು ಗಿಡ್ಡ, ಮೊಂಡು, ಕೊನೆಯ ಗೆಣ್ಣು ಗುಮ್ಮಟದಂತೆ ದುಂಡಗೆ. ಪರದೆ ಬಲೆ ಜೇಡ ಎಂದು ಹೆಸರಾದ, ಬಂಡೆಗಳ ಮರೆಯಲ್ಲಿ ತೆರೆ ಕಟ್ಟಿದಂತೆ ಬಲೆ ಹರಡುವ ಇನ್ನೊಂದು ಕುಟುಂಬದಲ್ಲಿ ಈ ಅಂಗಗಳು ಫನೆಲ್-ವೆಬ್‌ನದಕ್ಕಿಂತಲೂ ನೀಳವಾಗಿ, ತೆಳ್ಳಗೆ ಎರಡು ಬಾಲಗಳಂತೆ ಇಳಿಬಿದ್ದಿರುತ್ತವೆ. ಜೇಡದ ಫೋಟೋ ತೆಗೆಯುವವರು ಮುಖವನ್ನೇ ತೆಗೆಯುತ್ತಾರೆ, ಹಿಂಬದಿಯನ್ನು ಬಿಟ್ಟುಬಿಡುತ್ತಾರೆ. ಹಿಂಬದಿ ಇಲ್ಲದ ಫೋಟೋದಿಂದ ಖಚಿತವಾಗಿ ಹೇಳುವುದು ತಜ್ಞರಿಗೂ ಕಷ್ಟವಾಗುತ್ತದೆ.

ಗಂಡಿನ ಕಾಲುಗಳು

ಕೂಡುವ ಸಮಯದಲ್ಲಿ ಹೆಣ್ಣನ್ನು ತಡೆದು ಹಿಡಿಯಲು ಗಂಡಿನ ಕಾಲಿನಲ್ಲಿ ಮುಳ್ಳಿನಂತಹ ಚಾಚೊಂದು ಬೆಳೆದಿರುತ್ತದೆ. ಅದು ಎಷ್ಟನೆಯ ಕಾಲಿನಲ್ಲಿದೆ ಎಂಬುದು ಗುರುತಿಗೆ ಬಹಳ ನೆರವಾಗುತ್ತದೆ. ಸಿಡ್ನಿ ಫನೆಲ್-ವೆಬ್ ಇರುವ ಏಟ್ರಾಕ್ಸ್ ಕುಲದ ಗಂಡಿನಲ್ಲಿ ಅದು ಎರಡನೆಯ ಜೊತೆ ಕಾಲಿನ ಮಧ್ಯದಲ್ಲಿ, ದೊಡ್ಡದಾಗಿ, ಮೊನಚಾಗಿ ಇರುತ್ತದೆ. ಅದೇ ಕುಟುಂಬದ ಹ್ಯಾಡ್ರೊನೈಕಿ ಕುಲದಲ್ಲಿ ಅದೇ ಜಾಗದಲ್ಲಿ ಮೊಂಡಾದ ಉಬ್ಬಿರಬಹುದು ಅಥವಾ ಏನೂ ಇಲ್ಲದಿರಬಹುದು, ಆದ್ದರಿಂದ ಮುಳ್ಳಿಲ್ಲ ಎಂಬುದು ಫನೆಲ್-ವೆಬ್ ಅಲ್ಲ ಎನ್ನಲು ಸಾಕ್ಷ್ಯವಾಗದು. ಕಂದು ಟ್ರಾಪ್‌ಡೋರ್ ಗಂಡಿನಲ್ಲಿ ಚಾಚು ಇರುವುದು ಮೊದಲನೆಯ ಜೊತೆ ಕಾಲಿನಲ್ಲಿ. ಅದರ ಪಾಲ್ಪ್‌ಗಳೂ ದಪ್ಪನಾಗಿದ್ದು, ಮುಷ್ಟಿಯುದ್ಧದವರು ಕೈಗವಸು ತೊಟ್ಟು ಎದೆಯ ಮುಂದೆ ಹಿಡಿದಂತೆ ಕಾಣುತ್ತವೆ. ವಿಶ್‌ಬೋನ್ ಜೇಡಗಳ ಏನೇಮಿ ಕುಲದಲ್ಲೂ ಗಂಡಿನ ಮೊದಲ ಕಾಲಿನಲ್ಲೇ ಮುಳ್ಳಿದ್ದು, ಅದರ ಎದುರಿನ ಗೆಣ್ಣು ಬಾಗಿಕೊಂಡು ಎರಡೂ ಸೇರಿ ಕೊಂಡಿಯಂತಾಗುತ್ತವೆ. ಕಾಲುಗಳನ್ನು ಎಣಿಸುವಾಗ ಪಾಲ್ಪ್‌ಗಳನ್ನೇ ಮೊದಲ ಕಾಲೆಂದು ಎಣಿಸುವ ತಪ್ಪು ಸುಲಭವಾಗಿ ಆಗುತ್ತದೆ. ಹಿಂದಿನಿಂದ ಮುಂದಕ್ಕೆ ನಾಲ್ಕರವರೆಗೆ ಎಣಿಸುತ್ತ ಬಂದರೆ ಆ ತಪ್ಪು ತಪ್ಪುತ್ತದೆ.

ಪಾದದ ತುದಿಯೂ ಮಾತಾಡುತ್ತದೆ. ಫನೆಲ್-ವೆಬ್, ಟ್ರಾಪ್‌ಡೋರ್ ಮತ್ತು ಇಲಿ ಜೇಡಗಳ ಪಾದದಲ್ಲಿ ಮೂರು ಉಗುರುಗಳಿದ್ದು ಕೂದಲಿನ ಕುಚ್ಚು ಇರುವುದಿಲ್ಲ, ಹಾಗಾಗಿ ಅವು ನುಣುಪಾದ ಗಾಜನ್ನು ಏರಲಾರವು. ಸಿಳ್ಳೆ ಜೇಡಗಳೆನಿಸಿದ ಆಸ್ಟ್ರೇಲಿಯದ ಟರಾಂಟುಲಗಳಿಗೂ ಕುಂಚಪಾದದ ಟ್ರಾಪ್‌ಡೋರ್ ಕುಟುಂಬಕ್ಕೂ ಎರಡೇ ಉಗುರು, ಆದರೆ ಅವುಗಳ ಸುತ್ತ ದಟ್ಟವಾದ ಕುಚ್ಚು ಇರುವುದರಿಂದ ಅವು ನುಣುಪಾದ ಮೇಲ್ಮೈಯನ್ನೂ ಹತ್ತಬಲ್ಲವು. ಈ ಎರಡರಲ್ಲಿ ಟರಾಂಟುಲಕ್ಕೆ ನೀಳವಾದ ನೂಲುವ ಅಂಗಗಳು, ಕುಂಚಪಾದದವಕ್ಕೆ ಗಿಡ್ಡವು. ಟರಾಂಟುಲ ಕೆಣಕಿದಾಗ ಬಾಯಿಯ ಬಳಿಯ ಬಿರುಗೂದಲುಗಳನ್ನು ಉಜ್ಜಿ ಸುಯ್ಯೆಂಬ ಸದ್ದು ಮಾಡುತ್ತದೆ. ಕ್ವೀನ್ಸ್‌ಲ್ಯಾಂಡಿನ ದೊಡ್ಡ ಹೆಣ್ಣುಗಳ ಕಾಲುಗಳ ಹರವು 16 ಸೆಂಟಿಮೀಟರ್ ಮುಟ್ಟುತ್ತದೆ, ಆ ಗಾತ್ರ ಮತ್ತು ಮೈತುಂಬಾ ಕೂದಲು ನೋಡಿದ ಮೇಲೆ ಬೇರೆ ಗುರುತು ಬೇಡ.

ಬಿಲ ತೋಡುವುದರಲ್ಲಿ ಪಳಗಿದ ಟ್ರಾಪ್‌ಡೋರ್ ಮತ್ತು ಇಲಿ ಜೇಡಗಳ ಕೋರೆಬುಡದ ತುದಿಯಲ್ಲಿ ಮಣ್ಣು ಕೆರೆಯಲು ಗಟ್ಟಿಮುಳ್ಳುಗಳ ಸಾಲೊಂದು, ರಾಸ್ಟೆಲಮ್ ಎಂದು ಹೆಸರಾದದ್ದು, ಇರುತ್ತದೆ. ಫನೆಲ್-ವೆಬ್‌ನಲ್ಲಿ ಅದಿಲ್ಲ. ಆದರೆ ಇದು ಭೂತಗನ್ನಡಿಯಿಲ್ಲದೆ ಕಾಣುವಂಥದ್ದಲ್ಲ, ಜೀವಂತ ಜೇಡದ ಮುಖಕ್ಕೆ ಭೂತಗನ್ನಡಿ ಹಿಡಿಯುವುದು ಯಾರಿಗೂ ಬೇಡ.

ಬಿಲದ ಬಾಯಿಯನ್ನು ಓದುವುದು

ಜೇಡ ಕಾಣದೆ ಬಿಲ ಮಾತ್ರ ಕಂಡಾಗಲೂ ಬಹಳಷ್ಟು ತಿಳಿಯಬಹುದು. ನನಗಂತೂ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು, ಏಕೆಂದರೆ ಪ್ರಾಣಿಯನ್ನು ಒಂದಿಷ್ಟೂ ಕದಲಿಸದೆ ಅದರ ಬದುಕನ್ನು ಅರಿಯುವ ದಾರಿ ಇಲ್ಲಿ ತೆರೆಯುತ್ತದೆ.

ಫನೆಲ್-ವೆಬ್ ಜೇಡ ತಂಪಾದ, ತೇವವುಳ್ಳ, ನೆರಳಿನ ಜಾಗವನ್ನು ಆರಿಸುತ್ತದೆ: ಬಂಡೆಯ ಅಡಿ, ಕೊಳೆಯುತ್ತಿರುವ ಮರದ ದಿಮ್ಮಿಯ ಕೆಳಗೆ, ತೋಟದಲ್ಲಿ ಕಲ್ಲು ಜೋಡಿಸಿದ ಏರಿಯ ಸಂದಿ. ಬಿಲಕ್ಕೆ ಮುಚ್ಚಳವಿಲ್ಲ. ಬಾಯಿಯಿಂದ ಸುತ್ತಲೂ ಒರಟಾದ ಬಿಳಿ ರೇಷ್ಮೆ ಎಳೆಗಳು ಎಲೆ, ಕಲ್ಲು, ಕಡ್ಡಿಗಳ ಮೇಲೆ ಅಡ್ಡಾದಿಡ್ಡಿಯಾಗಿ ಹರಡಿರುತ್ತವೆ. ಅವು ಮುಗ್ಗರಿಸುವ ಹುಳುವಿನ ಸುದ್ದಿಯನ್ನು ಒಳಗೆ ಮುಟ್ಟಿಸುವ ತಂತಿಗಳು. ಎಲ್ಲ ಫನೆಲ್-ವೆಬ್‌ಗಳೂ ನೆಲದಲ್ಲೇ ಇರುವುದಿಲ್ಲ ಎಂಬುದನ್ನೂ ತಿಳಿದಿರಬೇಕು: ಹ್ಯಾಡ್ರೊನೈಕಿ ಫಾರ್ಮಿಡಾಬಿಲಿಸ್ ಮತ್ತು ಹ್ಯಾಡ್ರೊನೈಕಿ ಸರ್ಬೇರಿಯ ಎಂಬ ಎರಡು ಪ್ರಭೇದಗಳು ಮರದ ಪೊಟರೆ ಮತ್ತು ಕೊಳೆತ ತೂತುಗಳಲ್ಲಿ ಮನೆ ಮಾಡುತ್ತವೆ.

ಟ್ರಾಪ್‌ಡೋರ್ ಎಂಬ ಹೆಸರು ಕೇಳಿ ಎಲ್ಲದಕ್ಕೂ ಬಾಗಿಲಿರುತ್ತದೆಂದು ನಂಬುವುದು ಸಾಮಾನ್ಯ ತಪ್ಪು. ಸಿಡ್ನಿಯ ಕಂದು ಟ್ರಾಪ್‌ಡೋರ್ ಜೇಡದ ಬಿಲ ಬಾಗಿಲಿಲ್ಲದೆ ತೆರೆದೇ ಇರುತ್ತದೆ, ಬಾಯಿಯ ಅಂಚಿಗೆ ರೇಷ್ಮೆಯ ಲೇಪವಿದ್ದು, ಹೊರಕ್ಕೆ ಹರಡಿದ ತಂತಿಗಳಿಲ್ಲ. ಅದೇ ಕುಟುಂಬದ ಬೇರೆ ಜೇಡಗಳು ಒಂದು ಬದಿಗೆ ಕೀಲಿರುವ ಮುಚ್ಚಳ ಮಾಡುತ್ತವೆ: ಕೆಲವದು ಬಾಟಲಿಯ ಬಿರಡೆಯಂತೆ ದಪ್ಪ, ಕೆಲವದು ಎಲೆಚೂರು ಅಂಟಿಸಿದ ತೆಳು ಬಿಲ್ಲೆ. ಇಲಿ ಜೇಡದ ಬಿಲಕ್ಕೆ ಹೆಚ್ಚಾಗಿ ಎರಡು ಬಾಯಿಗಳಿದ್ದು ಎರಡಕ್ಕೂ ಸಡಿಲವಾದ ರೇಷ್ಮೆಯ ಪದರವೇ ಬಾಗಿಲು. ವಿಶ್‌ಬೋನ್ ಜೇಡದ ಬಿಲ ಒಳಗೆ ಕವೆಗೋಲಿನಂತೆ ಇಬ್ಭಾಗವಾಗಿ, ಒಂದು ಕವಲು ಮಾತ್ರ ಹೊರಗೆ ತೆರೆದು, ಇನ್ನೊಂದು ನೆಲದ ಮಟ್ಟಕ್ಕೆ ತುಸು ಕೆಳಗೆ ನಿಂತುಹೋಗಿರುತ್ತದೆ. ಅದು ಅಪಾಯ ಬಂದಾಗ ಪಾರಾಗುವ ದಾರಿ. ಹೊರಗಿನಿಂದ ಕಾಣುವುದು ಬಾಗಿಲಿಲ್ಲದ, ಅಂಚಿಗೆ ರೇಷ್ಮೆ ಬಳಿದ ತೂತೊಂದು ಮಾತ್ರ, ಆದ್ದರಿಂದ ಕವಲನ್ನು ನೋಡಲು ಅಗೆಯಬಾರದು.

ಪಶ್ಚಿಮ ಆಸ್ಟ್ರೇಲಿಯದ ಗೋಧಿ ಬೆಳೆಯುವ ಒಣಸೀಮೆಯಲ್ಲಿ ಬಿಲದ ಬಾಯಿ ಇನ್ನೊಂದು ರೂಪ ತಾಳುತ್ತದೆ. ಅಲ್ಲಿನ ಇಡಿಯೊಸೋಮ ಮತ್ತು ಗೇಯಸ್ ಕುಲದ ಟ್ರಾಪ್‌ಡೋರ್ ಜೇಡಗಳು ಒಣಕಡ್ಡಿಗಳನ್ನು ಆಯ್ದು ತಂದು, ಒಂದು ತುದಿಯನ್ನು ಬಿಲದ ಅಂಚಿಗೆ ರೇಷ್ಮೆಯಿಂದ ಅಂಟಿಸಿ, ಇನ್ನೊಂದು ತುದಿ ಹೊರಕ್ಕೆ ಚಾಚುವಂತೆ ಜೋಡಿಸುತ್ತವೆ. ಮಳೆ ಕಡಿಮೆಯಿರುವ ನಾಡಿನಲ್ಲಿ ಬಿಲದಿಂದ ದೂರ ಹೋಗದೆ ಬೇಟೆಯ ಹರವನ್ನು ಹೆಚ್ಚಿಸಿಕೊಳ್ಳುವ ಉಪಾಯ ಇದು: ಇರುವೆಯೊಂದು ಕಡ್ಡಿಯ ಹೊರತುದಿಯನ್ನು ತುಳಿದರೆ ಬಾಗಿಲ ಮರೆಯಲ್ಲಿ ಕಾಲಿಟ್ಟು ಕಾದಿರುವ ಜೇಡಕ್ಕೆ ಗೊತ್ತಾಗುತ್ತದೆ. ಇಡಿಯೊಸೋಮ ನೈಗ್ರಮ್ ಹೆಣ್ಣಿನ ಹೊಟ್ಟೆಯ ಹಿಂಭಾಗ ಗುರಾಣಿಯಂತೆ ಗಟ್ಟಿಯಾಗಿ, ಸುಕ್ಕುಗಟ್ಟಿದಂತಿರುತ್ತದೆ, ಶತ್ರು ಬಂದಾಗ ಅದನ್ನೇ ಬಿರಡೆಯಾಗಿ ಮಾಡಿ ಜೇಡ ಬಿಲವನ್ನು ಮುಚ್ಚಿಕೊಳ್ಳುತ್ತದೆ. ಇದು ಆಸ್ಟ್ರೇಲಿಯದ ರಾಷ್ಟ್ರೀಯ ಪರಿಸರ ಕಾನೂನಿನಡಿ ಅಪಾಯಕ್ಕೆ ಒಳಗಾಗಬಹುದಾದ ಜೀವಿಗಳ ಪಟ್ಟಿಯಲ್ಲಿದೆ. ಕಾಡು ಕಡಿದು ಗೋಧಿ ಹೊಲಗಳಾದ ನೆಲದಲ್ಲಿ ಉಳಿದ ಸಣ್ಣಸಣ್ಣ ಪೊದೆತುಂಡುಗಳಲ್ಲಿ ಇದು ಬದುಕುತ್ತಿದೆ.

ಊರು ಮತ್ತು ತಿಂಗಳು

ಜೇಡ ಸಿಕ್ಕ ಜಾಗವೇ ಅರ್ಧ ಉತ್ತರ ಹೇಳುತ್ತದೆ. ಫನೆಲ್-ವೆಬ್ ಕುಟುಂಬದ ಮೂರು ಕುಲಗಳೂ, ಅಂದರೆ ಏಟ್ರಾಕ್ಸ್, ಹ್ಯಾಡ್ರೊನೈಕಿ ಮತ್ತು 2010ರಲ್ಲಿ ಹೆಸರಿಟ್ಟ ಇಲ್ಲವಾರ, ಖಂಡದ ಪೂರ್ವ ಮತ್ತು ಆಗ್ನೇಯ ಭಾಗಗಳವು. ಟಾಸ್ಮೇನಿಯ ಮತ್ತು ದಕ್ಷಿಣ ಆಸ್ಟ್ರೇಲಿಯದಲ್ಲೂ ಹ್ಯಾಡ್ರೊನೈಕಿ ಇದೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಈ ಕುಟುಂಬ ಇಲ್ಲ, ಹಾಗಾಗಿ ಪರ್ತ್‌ನ ಹಿತ್ತಿಲಲ್ಲಿ ಕಂಡ ಕಪ್ಪು ಜೇಡ ಇಲಿ ಜೇಡವೋ ಟ್ರಾಪ್‌ಡೋರೋ ವಿಶ್‌ಬೋನೋ ಇದ್ದೀತು. ಸಿಡ್ನಿ ಫನೆಲ್-ವೆಬ್ ಎಂದು 1877ರಿಂದ ಏಟ್ರಾಕ್ಸ್ ರೋಬಸ್ಟಸ್ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದುದು ನಿಜಕ್ಕೂ ಮೂರು ಪ್ರಭೇದಗಳೆಂದು 2025ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು: ಸಿಡ್ನಿಯ ಸುತ್ತಿನ ರೋಬಸ್ಟಸ್, ಬ್ಲೂ ಮೌಂಟನ್ಸ್ ಮತ್ತು ಅದರ ದಕ್ಷಿಣದ ಮೊಂಟಾನಸ್, ನ್ಯೂಕ್ಯಾಸಲ್ ಸುತ್ತಿನ ದೊಡ್ಡ ಗಾತ್ರದ ಕ್ರಿಸ್ಟೆನ್ಸೆನಿ. ಇವನ್ನು ಬರಿಗಣ್ಣಿನಿಂದ ಬೇರ್ಪಡಿಸಲು ಹೋಗಬಾರದು. ಎಲ್ಲಿ ಸಿಕ್ಕಿತು ಎಂಬುದನ್ನು ಸರಿಯಾಗಿ ಬರೆದಿಟ್ಟರೆ ಅದೇ ದೊಡ್ಡ ನೆರವು.

ಗಂಡು ಸಿಡ್ನಿ ಫನೆಲ್-ವೆಬ್‌ಗಳ ಅಲೆದಾಟ ಹೆಚ್ಚಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ, ಅಂದರೆ ಅಲ್ಲಿನ ಬೆಚ್ಚನೆಯ ತಿಂಗಳುಗಳಲ್ಲಿ, ರಾತ್ರಿಯ ವೇಳೆ, ಮಳೆಯ ನಂತರ ಇನ್ನೂ ಹೆಚ್ಚು. ನಮ್ಮಲ್ಲಿ ಚಳಿ ಇರುವಾಗ ಅಲ್ಲಿ ಬೇಸಿಗೆಯೆಂಬುದನ್ನು ಹೊಸದಾಗಿ ಹೋದವರು ನೆನಪಿಡಬೇಕು.

ಕರ್ನಾಟಕದ ಓದುಗರು ಒಂದು ವಿಷಯ ಕೇಳಬಹುದು: ಇವು ನಮ್ಮಲ್ಲಿವೆಯೇ? ಫನೆಲ್-ವೆಬ್ ಕುಟುಂಬ ಭಾರತದಲ್ಲಿಲ್ಲ, ಇಲಿ ಜೇಡವೂ ಇಲ್ಲ. ಆದರೆ ಟ್ರಾಪ್‌ಡೋರ್‌ಗಳ ಇಡಿಯೊಪಿಡೇ ಕುಟುಂಬದ ಇಡಿಯೋಪ್ಸ್, ಹೆಲಿಗ್ಮೊಮೆರಸ್ ಕುಲಗಳು ನಮ್ಮ ದೇಶದಲ್ಲಿವೆ, ಪಶ್ಚಿಮ ಘಟ್ಟದ ಮಣ್ಣಿನ ದರೆಗಳಲ್ಲಿ ಥ್ರಿಗ್ಮೊಪಿಯಸ್ ಎಂಬ ಟರಾಂಟುಲ ಬಿಲ ಕೊರೆದು ಬಾಳುತ್ತದೆ. ಕೋರೆ, ಉಸಿರಾಟದ ಅಂಗ, ಪಾದದ ಕುಚ್ಚು, ನೂಲುವ ಅಂಗ ಇವುಗಳನ್ನು ನೋಡುವ ಕ್ರಮ ನಮ್ಮ ಈ ಜೇಡಗಳಿಗೂ ಹೊಂದುತ್ತದೆ.

ಗುರುತು ಸಿಗುವ ಮೊದಲೇ ಕಡಿದರೆ

ಪೂರ್ವ ಆಸ್ಟ್ರೇಲಿಯದಲ್ಲಿ ದೊಡ್ಡ ಕಪ್ಪು ಜೇಡ ಕಡಿದಾಗ ಗುರುತಿಸುವ ಕೆಲಸವನ್ನು ಪಕ್ಕಕ್ಕಿಟ್ಟು, ಅದು ಫನೆಲ್-ವೆಬ್ ಎಂದೇ ಭಾವಿಸಿ ನಡೆಯಬೇಕು. ಕಡಿದ ಜಾಗದಿಂದ ಆರಂಭಿಸಿ ಇಡೀ ಕಾಲಿಗೆ ಅಥವಾ ಕೈಗೆ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಉಳುಕಿದ ಪಾದಕ್ಕೆ ಸುತ್ತುವಷ್ಟು ಬಿಗಿಯಾಗಿ ಸುತ್ತಿ, ಪಟ್ಟಿ ಕಟ್ಟಿ ಅಲುಗಾಡದಂತೆ ಮಾಡಿ, ಕಡಿಸಿಕೊಂಡವರನ್ನು ನಡೆಸದೆ, ಅಲ್ಲಿನ ತುರ್ತು ಸೇವೆಯ 000 ಸಂಖ್ಯೆಗೆ ಕರೆ ಮಾಡಬೇಕು. 1927ರಿಂದ 1980ರವರೆಗೆ ಸಿಡ್ನಿ ಫನೆಲ್-ವೆಬ್ ಕಡಿತದಿಂದ 13 ಸಾವುಗಳು ದಾಖಲಾಗಿವೆ. ಮೆಲ್ಬರ್ನ್‌ನ ಕಾಮನ್‌ವೆಲ್ತ್ ಸೀರಮ್ ಪ್ರಯೋಗಾಲಯದಲ್ಲಿ ಸ್ಟ್ರೂವನ್ ಸದರ್ಲ್ಯಾಂಡ್ ಅವರ ತಂಡ ಮೊಲಗಳ ನೆರವಿನಿಂದ ಸಿದ್ಧಪಡಿಸಿದ ಪ್ರತಿವಿಷ 1981ರಲ್ಲಿ ಬಳಕೆಗೆ ಬಂದ ಮೇಲೆ ಒಂದು ಸಾವೂ ದಾಖಲಾಗಿಲ್ಲ. ಇಲಿ ಜೇಡದ ಗಂಭೀರ ಕಡಿತಕ್ಕೂ ಅದೇ ಪ್ರತಿವಿಷ ಕೆಲಸ ಮಾಡುತ್ತದೆ. ಆ ಪ್ರತಿವಿಷಕ್ಕೆ ಬೇಕಾದ ವಿಷವನ್ನು ನ್ಯೂ ಸೌತ್ ವೇಲ್ಸ್‌ನ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್‌ನಲ್ಲಿ ಜೀವಂತ ಗಂಡು ಜೇಡಗಳಿಂದಲೇ ತೆಗೆಯುತ್ತಾರೆ; ಅವುಗಳಲ್ಲಿ ಅನೇಕವು ಸಾರ್ವಜನಿಕರು ಎಚ್ಚರಿಕೆಯಿಂದ ಜಾಡಿಯಲ್ಲಿ ಹಿಡಿದು ತಲುಪಿಸಿದವು.

ಫೋಟೋ ಮತ್ತು ಟಿಪ್ಪಣಿ

ತಜ್ಞರಿಗೆ ಕಳುಹಿಸುವ ಫೋಟೋ ಕನಿಷ್ಠ ಮೂರು ಕೋನಗಳಲ್ಲಿರಲಿ: ನೇರ ಮೇಲಿನಿಂದ ಇಡೀ ಮೈ, ಎದುರಿನಿಂದ ತಲೆ ಮತ್ತು ಕಣ್ಣುಗಳು, ಪಕ್ಕದಿಂದ ಹೊಟ್ಟೆಯ ತುದಿ. ಅಳತೆಗಾಗಿ ಪಕ್ಕದಲ್ಲಿ ಉದ್ದನೆಯ ಕಡ್ಡಿಯಿಂದ ತಳ್ಳಿ ನಾಣ್ಯವೊಂದನ್ನು ಇಡಬಹುದು, ಬೆರಳನ್ನಲ್ಲ. ಫ್ಲಾಶ್ ಬೆಳಕಿನಲ್ಲಿ ಎಲ್ಲ ಚಿಪ್ಪುಗಳೂ ಹೊಳೆಯುವಂತೆ ಕಾಣುವುದರಿಂದ ಹಗಲಿನ ಬೆಳಕಿನಲ್ಲಿ ತೆಗೆದ ಒಂದು ಫೋಟೋ ಇರಲೇಬೇಕು. ಬಿಲದ ಫೋಟೋದಲ್ಲಿ ಬಾಯಿಯ ಜೊತೆಗೆ ಸುತ್ತಲಿನ ಒಂದು ಗೇಣು ನೆಲವೂ ಬರಲಿ, ಏಕೆಂದರೆ ರೇಷ್ಮೆ ಎಳೆಗಳೂ ಕಡ್ಡಿಗಳೂ ಅಲ್ಲೇ ಇರುವುದು. ದಿನಾಂಕ, ಊರು, ಮಣ್ಣಿನ ಬಗೆ, ಹಿಂದಿನ ದಿನ ಮಳೆಯಾಗಿತ್ತೇ ಎಂಬುದನ್ನು ಆಗಲೇ ಬರೆದಿಡಬೇಕು.

ಬಿಲವನ್ನು ಅಗೆದು ಜೇಡವನ್ನು ಹೊರತೆಗೆದು ನೋಡುವ ಆಸೆಯನ್ನು ಮಾತ್ರ ಬಿಡಬೇಕು. ಪ್ರೌಢ ಹೆಣ್ಣಿಗೆ ಆ ಬಿಲವೇ ಜೀವಮಾನದ ಆಸ್ತಿ, ಒಮ್ಮೆ ಹಾಳಾದರೆ ಮತ್ತೆ ಅಷ್ಟು ಆಳಕ್ಕೆ ತೋಡಿ ನೆಲೆಗೊಳ್ಳುವಷ್ಟರಲ್ಲಿ ಹಕ್ಕಿಗೋ ಚೇಳಿಗೋ ಬಿಸಿಲಿಗೋ ಅದು ತುತ್ತಾಗುತ್ತದೆ. ಬಾರ್ಬರಾ ಯಾರ್ಕ್ ಮೇಯ್ನ್ ಎಂಬ ವಿಜ್ಞಾನಿ 1974ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ನಾರ್ತ್ ಬಂಗಲ್ಲ ಮೀಸಲು ಅರಣ್ಯದಲ್ಲಿ ಗೇಯಸ್ ವಿಲ್ಲೋಸಸ್ ಎಂಬ ಟ್ರಾಪ್‌ಡೋರ್ ಜೇಡಗಳ ಬಿಲಗಳ ಪಕ್ಕದಲ್ಲಿ ಸಂಖ್ಯೆ ಬರೆದ ಗೂಟಗಳನ್ನು ನೆಟ್ಟು, ಅಗೆಯದೆ, ವರ್ಷವರ್ಷವೂ ಹೋಗಿ ನೋಡುತ್ತ ಬಂದರು. ಬೇರೆ ಜೇಡ ಬಿಟ್ಟುಹೋದ ಬಿಲವನ್ನು ಈ ಜೇಡಗಳು ಆಕ್ರಮಿಸುವುದಿಲ್ಲವಾದ್ದರಿಂದ ಗೂಟದ ಪಕ್ಕದಲ್ಲಿ ಜೀವವಿದ್ದರೆ ಅದು ಅದೇ ಜೇಡವೆಂದು ತಿಳಿಯಬಹುದಾಗಿತ್ತು. ಹದಿನಾರನೆಯ ಗೂಟದ ಹೆಣ್ಣು ಜೇಡದ ಬಾಗಿಲಲ್ಲಿ ಪರಾವಲಂಬಿ ಕಣಜ ಕೊರೆದ ತೂತು 2016ರಲ್ಲಿ ಕಾಣಿಸಿದಾಗ ಅದಕ್ಕೆ 43 ವರ್ಷವಾಗಿತ್ತು. ಅಷ್ಟು ದೀರ್ಘಕಾಲ ಬದುಕಿದ ಜೇಡ ಅದಕ್ಕೂ ಮೊದಲು ದಾಖಲಾಗಿರಲಿಲ್ಲ. ನಿಮ್ಮ ತೋಟದ ಮೂಲೆಯಲ್ಲಿ, ಮಕ್ಕಳು ಆಡದ ಜಾಗದಲ್ಲಿ, ಮುಚ್ಚಳವಿರುವ ಬಿಲವೊಂದು ಕಂಡರೆ ಬಾಯಿಯಿಂದ ಒಂದು ಮೊಳ ದೂರದಲ್ಲಿ ಸಣ್ಣ ಗೂಟವೊಂದನ್ನು ನೆಟ್ಟು, ಮುಚ್ಚಳದ ಅಗಲವನ್ನು ಅಂದಾಜು ಮಾಡಿ ದಿನಾಂಕದೊಂದಿಗೆ ಬರೆದಿಟ್ಟು, ಮುಂದಿನ ವರ್ಷ ಅದೇ ತಿಂಗಳಲ್ಲಿ ಮತ್ತೆ ಹೋಗಿ ನೋಡಿ.